ಶಟರ್ ಮೇಲೇಳುವಷ್ಟು ಹೊತ್ತು

ಹುಮನಾಬಾದ್

ನನ್ನ ತಂಗಿ ಹೋಗಬೇಕಾಗಿದ್ದ ಊರಿಗೆ ನಾನು ಹೋಗಿ ಬಂದೆ. ಅವರು ಕರೆದದ್ದು ಅವಳನ್ನು. ಬೆಲ್ಜಿಯಂ ದೇಶದ ಗೇಲ್ ಎಂಬ ಸಣ್ಣ ಊರಿನಿಂದ ಆಮಂತ್ರಣ ಬಂದಾಗ ಅವಳು ತೀರಿಕೊಂಡು ಮೂರು ತಿಂಗಳಾಗಿತ್ತು. ಲಕೋಟೆಯ ಮೇಲೆ ಅವಳ ಹೆಸರೇ ಇತ್ತು, ಮಹಾನಂದಾ, ಹುಮನಾಬಾದ್. ಟಪಾಲಿನವನು ಅದನ್ನು ಹಿಡಿದುಕೊಂಡು, ಕೊಡಲೋ ಬೇಡವೋ ಎಂದು ನನ್ನ ಅಂಗಡಿಯ ಮೆಟ್ಟಿಲ ಮೇಲೆ ಬಹಳ ಹೊತ್ತು ನಿಂತಿದ್ದ.

ನನ್ನದು ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿ. ತೊಂಬತ್ತರ ದಶಕದಲ್ಲಿ ಸೀಸದ ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದೆವು. ನಂದಾ ಎಸ್ಸೆಸ್ಸೆಲ್ಸಿ ಮುಗಿಸಿ ಅಂಗಡಿಗೆ ಬಂದವಳು ಆರು ತಿಂಗಳಲ್ಲಿ ನನಗಿಂತ ಚುರುಕಾಗಿ ಮೊಳೆ ಜೋಡಿಸತೊಡಗಿದಳು. ಆಮೇಲೆ ಕಂಪ್ಯೂಟರ್ ತಂದೆ. ನಾನು ಅದರ ಮುಂದೆ ಇವತ್ತಿಗೂ ಹೆದರಿಕೊಂಡೇ ಕೂಡುತ್ತೇನೆ. ಅವಳು ಒಂದೇ ಮಳೆಗಾಲದಲ್ಲಿ ಎಲ್ಲ ಕಲಿತಳು. ಗಿರಾಕಿಗಳಿರುವ ತನಕ ಲಗ್ನಪತ್ರಿಕೆ, ಅವರು ಹೋದ ಮೇಲೆ ತನ್ನ ಚಿತ್ರಗಳು. ನಾನು ಹತ್ತಿರ ಹೋದರೆ ಸಾಕು, ಚಿತ್ರ ಮಾಯವಾಗಿ ಪರದೆಯ ಮೇಲೆ ಯಾರದೋ ಲಗ್ನ ಬಂದುಬಿಡುತ್ತಿತ್ತು.

ಅವಳ ತಬಿಯತ್ತು ಸರಿಯಿರಲಿಲ್ಲ. ಹಾಗೆಂದೇ ನಾವು ಹೇಳುತ್ತಿದ್ದೆವು, ಅದಕ್ಕಿಂತ ಹೆಚ್ಚಿಗೆ ಹೇಳುತ್ತಿರಲಿಲ್ಲ. ವಾರಗಟ್ಟಲೆ ಮಾತು ಬಿಡುತ್ತಿದ್ದಳು. ತಲೆ ಬಾಚಿಕೊಳ್ಳುತ್ತಿರಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಕೂತರೆ ಊಟಕ್ಕೂ ಏಳುತ್ತಿರಲಿಲ್ಲ. ಮಠಕ್ಕೆ ಕರೆದುಕೊಂಡು ಹೋದೆವು, ದರ್ಗಾಕ್ಕೂ ಹೋದೆವು, ಕೊನೆಗೆ ಗುಲಬರ್ಗಾದ ಮನಸ್ಸಿನ ಡಾಕ್ಟರ ಹತ್ತಿರ ಹೋದೆವು. ಬಸ್ಸಿನಲ್ಲಿ ಪರಿಚಯದವರು ಸಿಕ್ಕರೆ ಕಣ್ಣಿನ ದವಾಖಾನೆಗೆ ಅನ್ನುತ್ತಿದ್ದೆವು. ಅವಳು ಪಕ್ಕದಲ್ಲೇ ಕೂತು ಕೇಳುತ್ತಿದ್ದಳು.

ಅವಳು ತಾನಾಗಿಯೇ ಜೀವ ಕಳೆದುಕೊಂಡಳು. ಊರಿಗೆ ಹಾರ್ಟಿನ ಬೇನೆ ಎಂದು ಹೇಳಿದೆವು. ಗೇಲಿನಿಂದ ಆಮಂತ್ರಣ ಕಳಿಸಿದ್ದ ಗ್ರೀಟ್ ಎಂಬ ಹೆಣ್ಣುಮಗಳಿಗೂ ನಾನು ಸೈಬರ್ ಕೆಫೆಯಲ್ಲಿ ಕೂತು ಅದನ್ನೇ ಇಂಗ್ಲಿಷಿನಲ್ಲಿ ಬರೆದೆ. ಆಕೆ ಕಲಾವಿದೆ. ಮನಸ್ಸಿನ ಬೇನೆ ಇರುವವರ ಜೊತೆ ಕೂಡಿ ಕಲಾಪ್ರಯೋಗಗಳನ್ನು ಮಾಡುವವಳು. ನಂದಾ ಎರಡು ವರ್ಷ ಅದೇ ಸೈಬರ್ ಕೆಫೆಯಿಂದ ತನ್ನ ಚಿತ್ರಗಳನ್ನು ಒಂದೊಂದಾಗಿ ಆಕೆಗೆ ಕಳಿಸಿದ್ದಳಂತೆ. ಇಬ್ಬರೂ ಸೇರಿ ಏನೋ ಒಂದನ್ನು ಮಾಡಿದ್ದರಂತೆ. ಅದು ಏನು ಎಂದು ನನಗೆ ಗೊತ್ತಿರಲಿಲ್ಲ. ಗ್ರೀಟ್ ಮರುದಿನವೇ ಉತ್ತರ ಬರೆದಳು: ಹಾಗಾದರೆ ನೀವು ಬನ್ನಿ, ಇದನ್ನು ಮನೆಯವರೊಬ್ಬರು ನೋಡಬೇಕು.

ನಾನು ಪರದೇಶಕ್ಕೆ ಹೊರಟೆನೆಂದು ಓಣಿಗೆಲ್ಲ ಸುದ್ದಿಯಾಯಿತು. ಎದುರಿನ ಚಹದ ಅಂಗಡಿಯವನು, ಬೆಲ್ಜಿಯಂದಾಗ ಯಾರ ಲಗ್ನದ ಆರ್ಡರ್ ಸಿಕ್ಕದ್ರಿ ಎಂದು ಕೇಳಿದ. ಬರುವಾಗ ಒಂದು ಬೆಲ್ಜಿಯಂ ಕನ್ನಡಿ ತರಲು ಹೇಳಿದ. ಅವನಿಗೆ ಆ ದೇಶದ ಬಗ್ಗೆ ಗೊತ್ತಿದ್ದದ್ದು ಅಷ್ಟೇ, ನನಗೂ ಅಷ್ಟೇ. ಅವ್ವ ಮಾತ್ರ ನಗಲಿಲ್ಲ. ಕಡಕ್ ರೊಟ್ಟಿಯ ಗಂಟು ಕಟ್ಟುತ್ತ ನನ್ನ ಮುಖ ನೋಡದೆ ಹೇಳಿದಳು:

"ಹೋಗ್ತಿ ಹೋಗು. ಅಲ್ಲಿ ಯಾರರೆ ಕೇಳಿದ್ರ ಹಾರ್ಟಿಂದು ಅಂತನೇ ಹೇಳು. ಮನ್ಯಾಗ ಇನ್ನೊಂದು ಹುಡುಗಿ ಬೆಳ್ಯಾಕತ್ತದ, ಅದರ ಮಾರಿ ನೋಡು."

ಆ ಹುಡುಗಿ ನನ್ನ ಮಗಳು. ಆಗ ಪಿಯುಸಿ ಓದುತ್ತಿದ್ದಳು. ಆಯಿತು ಎಂದೆ.

ಹೈದರಾಬಾದ್, ವಿಮಾನ ನಿಲ್ದಾಣ

ನಮ್ಮ ಮನೆತನದಲ್ಲಿ ಎಲ್ಲರೂ ಲಿಂಗ ಕಟ್ಟಿಕೊಂಡವರು. ಬೆಳ್ಳಿಯ ಕರಡಿಗೆಯೊಳಗೆ ಇಷ್ಟಲಿಂಗ ಇಟ್ಟು ಎದೆಯ ಮೇಲೆ ಧರಿಸುತ್ತೇವೆ. ಉಸಿರಿರುವವರೆಗೆ ಮೈಯಿಂದ ಅದನ್ನು ಬೇರೆ ಮಾಡುವುದಿಲ್ಲ. ತಪಾಸಣೆಯ ಬಾಗಿಲಲ್ಲಿ ಕಾಲಿಟ್ಟೊಡನೆ ಆ ಬಾಗಿಲು ಕೂಗಿಕೊಂಡಿತು. ಕಿಸೆಯಲ್ಲಿದ್ದುದನ್ನೆಲ್ಲ ತೆಗೆದೆ, ಬೆಲ್ಟ್ ತೆಗೆದೆ, ಮತ್ತೆ ಕೂಗಿತು. ಅಂಗಿಯೊಳಗಿನದನ್ನು ತೆಗೆದು ಬುಟ್ಟಿಯಲ್ಲಿಡಿ ಎಂದು ಅಲ್ಲಿದ್ದ ಪೊಲೀಸ್ ಹಿಂದಿಯಲ್ಲಿ ಹೇಳಿದ. ಆಗುವುದಿಲ್ಲ ಎಂದೆ. ಯಾಕೆ ಎಂದ. ಹಿಂದೆ ನಿಂತವರು ಗೊಣಗತೊಡಗಿದರು. ನನ್ನ ದಕ್ಖನಿ ಹಿಂದಿಯಲ್ಲಿ ಏನೇನೋ ಹೇಳಿದೆ. ಅವನಿಗೆ ಅರ್ಥವಾಗಲಿಲ್ಲ, ನನಗೂ ಬೆವರು ಬಂತು.

ಕೊನೆಗೆ ವಯಸ್ಸಾದ ಇನ್ನೊಬ್ಬ ಪೊಲೀಸ್ ಬಂದ. ಕರಡಿಗೆಯನ್ನು ತೆಗೆಯುವುದು ಬೇಡ, ಅಂಗೈಯಲ್ಲಿ ಹಿಡಿದುಕೋ ಎಂದು ಸನ್ನೆ ಮಾಡಿ, ಕೈಯಂತ್ರವನ್ನು ಅದರ ಸುತ್ತ ಮೆಲ್ಲಗೆ ಆಡಿಸಿ ಬಿಟ್ಟ. ಆಚೆ ಹೋಗಿ ಕುರ್ಚಿಯಲ್ಲಿ ಕೂತ ಮೇಲೂ ಕರಡಿಗೆ ಅಂಗೈಯಲ್ಲೇ ಇತ್ತು. ನಂದಾಳನ್ನು ಕಲ್ಯಾಣದ ಹತ್ತಿರದ ನಮ್ಮ ಹೊಲದಲ್ಲಿ ಮಣ್ಣು ಮಾಡುವಾಗ ಅವಳ ಲಿಂಗವನ್ನು ಅವಳ ಕೈಯಲ್ಲೇ ಇಟ್ಟು ಕೂಡಿಸಿದ್ದೆವು. ಆ ಕೈಯನ್ನು ಮಡಚಿದವನು ನಾನೇ. ಅದು ನೆನಪಾಗಿ, ವಿಮಾನ ಹತ್ತುವ ಕೂಗು ಬಂದದ್ದೂ ನನಗೆ ತಿಳಿಯಲಿಲ್ಲ. ಪಕ್ಕದವರು ಎಬ್ಬಿಸಿದರು.

ಗೇಲ್, ಮೊದಲ ದಿನ

ಬ್ರಸೆಲ್ಸಿನಲ್ಲಿ ಇಳಿದಾಗ ಹೊತ್ತು ಏರಿ ಹತ್ತು ಗಂಟೆಯಾಗಿದ್ದರೂ ನಮ್ಮಲ್ಲಿ ದೀಪ ಹಚ್ಚುವ ಹೊತ್ತಿನಂತೆ ಮಬ್ಬಾಗಿತ್ತು. ಗ್ರೀಟ್ ನಿಲ್ದಾಣಕ್ಕೆ ಬಂದಿದ್ದಳು. ನಲವತ್ತು ದಾಟಿದ ಎತ್ತರದ ಹೆಂಗಸು, ಗಂಡಸರ ಹಾಗೆ ಕತ್ತರಿಸಿದ ಕೂದಲು. ಅವಳ ಇಂಗ್ಲಿಷೂ ಶಾಲೆಯಲ್ಲಿ ಕಲಿತದ್ದು, ನನ್ನದೂ ಹಾಗೇ. ಇಬ್ಬರೂ ತಡೆದು ತಡೆದು ಮಾತಾಡುತ್ತಿದ್ದುದರಿಂದ ಒಬ್ಬರಿಗೊಬ್ಬರು ತಿಳಿಯುತ್ತಿತ್ತು. ರೈಲಿನಲ್ಲಿ ಅವಳು ನಂದಾಳ ಬಗ್ಗೆ ಏನೂ ಕೇಳಲಿಲ್ಲ. ಹಾರ್ಟಿನ ಬೇನೆಯ ವಿಷಯವನ್ನೂ ಎತ್ತಲಿಲ್ಲ. ಅವಳು ಕೇಳಬಹುದೆಂದು ನಾನು ಉತ್ತರ ಹೊಂದಿಸಿಕೊಂಡು ಕೂತಿದ್ದೆ.

ನಾನು ಉಳಿದುಕೊಂಡದ್ದು ಮಾರಿಯಾ ಎಂಬ ಮುದುಕಿಯ ಮನೆಯಲ್ಲಿ. ಅವಳ ಜೊತೆ ಯಾನ್ ಎಂಬ ಅರವತ್ತರ ಗಂಡಸು ಇದ್ದ. ಗಂಡನೋ ತಮ್ಮನೋ ಇರಬೇಕು ಅಂದುಕೊಂಡೆ. ಎರಡೂ ಅಲ್ಲ ಎಂದು ಗ್ರೀಟ್ ಹೇಳಿದಳು. ಆ ಊರಿಗೆ ಒಂದು ರೂಢಿಯಿದೆ. ಹಿಂದಿನ ಕಾಲದಲ್ಲಿ ತಲೆ ಕೆಟ್ಟವರನ್ನು ಅಲ್ಲಿಯ ಚರ್ಚಿಗೆ ದೂರದೂರದಿಂದ ಕರೆದುಕೊಂಡು ಬರುತ್ತಿದ್ದರಂತೆ. ಚರ್ಚಿನಲ್ಲಿ ಜಾಗ ಸಾಲದೆ ಊರಿನವರು ಅವರನ್ನು ತಮ್ಮ ಮನೆಗಳಲ್ಲಿ ಇಟ್ಟುಕೊಂಡರು. ಅದು ಇಂದಿಗೂ ನಡೆದಿದೆ, ಈಗ ಡಾಕ್ಟರರು ನೋಡಿ ಕಳಿಸುತ್ತಾರೆ ಅಷ್ಟೇ. ಯಾನ್ ಇಪ್ಪತ್ತರ ವಯಸ್ಸಿನಲ್ಲಿ ಮಾರಿಯಾಳ ತಾಯಿಯ ಮನೆಗೆ ಬಂದವನು. ತಾಯಿ ಹೋದ ಮೇಲೆ ಮನೆಯ ಜೊತೆಗೆ ಅವನೂ ಮಾರಿಯಾಳ ಪಾಲಿಗೆ ಬಂದ.

ಸಂಜೆ ಪಕ್ಕದ ಮನೆಯಾಕೆ ಸೈಕಲ್ ನಿಲ್ಲಿಸಿ ಬೇಲಿಯಾಚೆಯಿಂದಲೇ ಏನೋ ಕೇಳಿದಳು. ಯಾನ್ ತಾನೇ ಉತ್ತರ ಕೊಟ್ಟ. ಏನು ಕೇಳಿದಳೆಂದು ಗ್ರೀಟಳಿಂದ ತಿಳಿದುಕೊಂಡೆ. ನಿನ್ನೆ ಧ್ವನಿಗಳು ಕೇಳಿಸಿದವೇ, ನಿದ್ದೆ ಬಂತೇ ಎಂದು ಕೇಳಿದ್ದಳಂತೆ. ಕೇಳಿಸಿದವು, ಆದರೆ ಸಣ್ಣಗೆ ಎಂದನಂತೆ ಯಾನ್. ನಮ್ಮಲ್ಲಿ ಮೊಣಕಾಲು ನೋವಿನ ಬಗ್ಗೆ ಮಾತಾಡುವಂತೆ ಮಾತಾಡಿ ಆಕೆ ಸೈಕಲ್ ಹತ್ತಿ ಹೋದಳು. ನಾನು ಬೇಲಿಯನ್ನೇ ನೋಡುತ್ತ ನಿಂತೆ. ನಮ್ಮ ಮನೆಯ ಕಿಟಕಿಗೆ ನಂದಾ ಕೂಗಾಡಿದ ದಿನ ನಾನೇ ಹಳೆಯ ಫ್ಲೆಕ್ಸ್ ಬಟ್ಟೆ ಹೊಡೆದಿದ್ದೆ. ಯಾರದೋ ಹುಟ್ಟುಹಬ್ಬದ ಶುಭಾಶಯ ಅದರ ಮೇಲೆ ಇತ್ತು.

ಊಟಕ್ಕೆ ಬೇಯಿಸಿದ ಆಲೂಗಡ್ಡೆ, ಬ್ರೆಡ್, ಬೆಣ್ಣೆ. ನಾನು ಮಾಂಸ ತಿನ್ನುವುದಿಲ್ಲ ಎಂದಿದ್ದಕ್ಕೆ ಮೀನನ್ನು ಪಲ್ಯದ ಲೆಕ್ಕಕ್ಕೆ ಹಿಡಿದು ನನ್ನ ಮುಂದಿಟ್ಟಿದ್ದರು. ಅದನ್ನು ಅವರಿಗೆ ನೋವಾಗದಂತೆ ಸರಿಸುವುದರಲ್ಲಿ ಸಾಕಾಯಿತು. ನನ್ನ ಶೇಂಗಾ ಹಿಂಡಿಯ, ಅಂದರೆ ಖಾರದ ಚಟ್ನಿಪುಡಿಯ, ಡಬ್ಬಿ ತೆಗೆದಾಗ ಯಾನ್ ಬೆರಳು ಅದ್ದಿ ನೋಡಿದ. ಬೆಣ್ಣೆ ಸವರಿದ ಬ್ರೆಡ್ಡಿನ ಮೇಲೆ ದಪ್ಪಗೆ ಹರಡಿ ತಿಂದ. ಕಣ್ಣಲ್ಲಿ ನೀರು ಬಂತು, ಮೂಗು ಸೋರಿತು, ಮತ್ತೊಂದು ತುಂಡು ಹಿಡಿದ. ಮಾರಿಯಾ ಬೈದಳು. ಅವನು ಅವಳ ಕಡೆ ನೋಡದೆ ಡಬ್ಬಿಯನ್ನು ತನ್ನ ಪಕ್ಕಕ್ಕೆ ಎಳೆದುಕೊಂಡ. ನಂದಾ ಹೋದ ಮೇಲೆ ನಾನು ಮೊದಲ ಸಲ ನಕ್ಕದ್ದು ಆಗಲೇ ಇರಬೇಕು.

ಗೇಲ್, ಎರಡನೇ ದಿನ

ಊರ ಹೊರಗೆ ಒಂದು ಹಳೆಯ ದನದ ಕೊಟ್ಟಿಗೆಯನ್ನು ಸ್ವಚ್ಛ ಮಾಡಿ ಪ್ರಯೋಗಕ್ಕೆ ಇಟ್ಟುಕೊಂಡಿದ್ದರು. ಒಳಗೆ ಕತ್ತಲೆ. ಮುಂದೆ ಗೋಡೆಯಗಲದ ಪರದೆ, ಅದರೆದುರು ಒಂದು ಸ್ಟೂಲು, ಮೈಕು. ಪಕ್ಕದಲ್ಲಿ ಇನ್ನೊಂದು ಸ್ಟೂಲು. ನೋಡಲು ಬಂದವರು ಒಬ್ಬೊಬ್ಬರೇ ಒಳಗೆ ಹೋಗಿ ಮೈಕಿನ ಮುಂದೆ ಕೂತು ಮಾತಾಡುತ್ತಿದ್ದರು. ಪಕ್ಕದ ಸ್ಟೂಲಿನ ಮೇಲೆ ಯಾನನಂಥವರು, ಊರಿನ ಮನೆಗಳಲ್ಲಿರುವ ಬೇನೆಯವರು, ಸರದಿಯ ಮೇಲೆ ಕೂಡುತ್ತಿದ್ದರು. ಅವರೇ ಈ ಪ್ರಯೋಗದ ಪಾತ್ರಧಾರಿಗಳು. ಅವರ ಕೆಲಸ ಕೇಳುವುದು ಮಾತ್ರ. ತಲೆಯಾಡಿಸಬಾರದು, ಸಮಾಧಾನ ಹೇಳಬಾರದು.

ಹೊರಗೆ ನಿಂತಾಗ ಒಂದು ಸಂಗತಿ ಗಮನಕ್ಕೆ ಬಂತು. ಆ ದೇಶದ ಜನ ಅಂಗಡಿಯಿಂದ ಹೊರಬೀಳುವಾಗಲೂ ಮೂರು ಸಲ ಹೋಗಿಬರುತ್ತೇನೆ ಎನ್ನುವವರು. ಇಲ್ಲಿ ಮಾತ್ರ, ಪಕ್ಕದಲ್ಲಿ ಕೂತು ಕೇಳಿದವರು ಮುಗಿದೊಡನೆ ಎದ್ದು, ಒಂದು ಮಾತೂ ಆಡದೆ, ಕೈ ಕೂಡ ಎತ್ತದೆ ಬಾಗಿಲ ಹೊರಗೆ ಬರುತ್ತಿದ್ದರು. ಇದೇನು ಎಂದು ಗ್ರೀಟಳನ್ನು ಕೇಳಿದೆ. ಅದು ನಿಮ್ಮ ತಂಗಿ ಹಾಕಿದ ನಿಯಮ ಎಂದು ಅವಳು ನಂದಾ ಬರೆದಿದ್ದ ಇ-ಮೇಲಿನ ಒಂದು ಪ್ರತಿ ತೋರಿಸಿದಳು. ನಂದಾಳ ಇಂಗ್ಲಿಷ್, ಅಲ್ಲಲ್ಲಿ ತಪ್ಪು. ಕೇಳಿದವರು ಎದ್ದು ಹೋಗಬೇಕು, ಹೋಗುತ್ತೇನೆಂದು ಹೇಳಬಾರದು ಎಂದಿತ್ತು. ಕಲೆಯ ದೃಷ್ಟಿಯಿಂದ ಬಹಳ ಒಳ್ಳೆಯ ಯೋಚನೆ ಎಂದಳು ಗ್ರೀಟ್.

ನಾನು ಕಾಗದವನ್ನು ಹಿಂದಕ್ಕೆ ಕೊಟ್ಟೆ. ನಮ್ಮ ಕಡೆ ಹೋಗುತ್ತೇನೆ, ಬರುತ್ತೇನೆ ಎಂದು ಹೇಳದೆ ಜನ ಎದ್ದು ಹೋಗುವುದು ಒಂದೇ ಮನೆಯಿಂದ. ಸಾವಾದ ಮನೆಯಿಂದ. ಮಾತಾಡಿಸಲು ಬಂದವರು ಕೂಡುತ್ತಾರೆ, ಕೇಳುತ್ತಾರೆ, ಏಳುತ್ತಾರೆ, ಹೋಗಿಬಿಡುತ್ತಾರೆ. ತಾರೀಖು ನೋಡಿದರೆ, ನಂದಾ ಅದನ್ನು ಬರೆದದ್ದು ಅವಳು ಹೋಗುವುದಕ್ಕೆ ಏಳೆಂಟು ತಿಂಗಳ ಮೊದಲು. ಆ ತಿಂಗಳುಗಳಲ್ಲಿ ಅವಳು ದಿನಾ ನನ್ನ ಪಕ್ಕದ ಕುರ್ಚಿಯಲ್ಲೇ ಕೂತಿದ್ದಳು. ಗ್ರೀಟಳಿಗೆ ಇದನ್ನು ಹೇಳಲಿಲ್ಲ. ಹೇಳಿದರೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು.

ನನ್ನ ಸರದಿ ಬಂತು. ಪಕ್ಕದಲ್ಲಿ ಯಾನ್ ಕೂತ. ಪರದೆಯ ಮೇಲೆ ನನ್ನ ಅಂಗಡಿ ಬಂತು. ಮುಚ್ಚಿದ ಶಟರ್, ಅದರ ಮೇಲೆ ಎಡಗಡೆಯ ತಗ್ಗು, ಕೆಳಗೆ ತುಕ್ಕು ಹಿಡಿದ ಕೊಂಡಿ. ಎಲ್ಲ ಮೌಸಿನಿಂದ ಬರೆದದ್ದು, ಎಲ್ಲ ಇದ್ದ ಹಾಗೆಯೇ. ಆಮೇಲೆ ಧ್ವನಿ ಬಂತು. ಅದು ನನ್ನ ಧ್ವನಿ.

"ಹ್ಯಾಂಗ ಅದೀ ನಂದಾ? ಆರಾಮ್?"

ದಿನಾ ಅಂಗಡಿಗೆ ಬಂದ ಕೂಡಲೆ ನಾನು ಹಾಗೆ ಕೇಳುತ್ತಿದ್ದೆ. ಕೇಳುತ್ತ ಕೇಳುತ್ತಲೇ ಚಪ್ಪಲಿ ಬಿಡುತ್ತಿದ್ದೆ, ಕಸಬರಿಗೆ ಹುಡುಕುತ್ತಿದ್ದೆ. ಯಾವತ್ತು ಅವಳು ಅದನ್ನು ಕಂಪ್ಯೂಟರಿನಲ್ಲಿ ಹಿಡಿದಿಟ್ಟಳೋ ಗೊತ್ತಿಲ್ಲ. ಹಿಂದೆ ಬಸ್ ಸ್ಟ್ಯಾಂಡಿನ ಹಾರನ್ ಕೂಡ ಕೇಳಿಸಿತು. ನನ್ನ ಬಾಯಿಂದ ತಾನಾಗಿಯೇ ಆರಾಮ್ ಎಂಬ ಉತ್ತರ ಹೊರಟಿತು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಶಟರಿನ ಸದ್ದು ಕೊಟ್ಟಿಗೆಯೆಲ್ಲ ತುಂಬಿ ಪರದೆ ಕಪ್ಪಾಯಿತು.

ಯಾನ್ ಒಂದು ಬೆರಳು ಎತ್ತಿ, ಇನ್ನೊಂದು ಸಲ ಎಂದು ತೋರಿಸಿ ಗುಂಡಿ ಒತ್ತಿದ. ಅದರ ಯುಕ್ತಿಯನ್ನು ಗ್ರೀಟ್ ಮೊದಲೇ ತಿಳಿಸಿದ್ದಳು. ಕಂಪ್ಯೂಟರಿಗೆ ಯಾವ ಭಾಷೆಯೂ ಬರುವುದಿಲ್ಲ. ಮಾತು ನಡೆದಿದೆಯೇ ನಿಂತಿದೆಯೇ ಎಂಬುದಷ್ಟೇ ಅದಕ್ಕೆ ಗೊತ್ತು. ಕೂತವರು ಮಾತಾಡುತ್ತ ಹೋದಂತೆ ಶಟರ್ ಬೆರಳಷ್ಟು ಬೆರಳಷ್ಟೇ ಮೇಲೇಳುತ್ತದೆ. ಪೂರ್ತಿ ಏಳಲು ಕಾಲು ಗಂಟೆ ಬೇಕು. ನಡುವೆ ಮಾತು ನಿಂತರೆ ಒಂದೆರಡು ಉಸಿರಿನಷ್ಟು ಕಾಯುತ್ತದೆ, ಆಮೇಲೆ ಬೀಳುತ್ತದೆ. ಚೆನ್ನಾಗಿದ್ದೇನೆ ಎಂದು ಹೇಳಿ ಶಟರ್ ಬೀಳಿಸಿಕೊಂಡವರೇ ಅಲ್ಲಿಯೂ ಹೆಚ್ಚು ಎಂದು ಅವಳು ಹೇಳಿದ್ದಳು. ನಮ್ಮಲ್ಲಿ ಮಾತ್ರ ಹಾಗೆ ಎಂದು ನಾನು ತಿಳಿದಿದ್ದೆ.

ನಾನು ಕನ್ನಡದಲ್ಲಿ ಮಾತಾಡತೊಡಗಿದೆ. ಅವಳು ಹುಟ್ಟಿದ ದಿನ ಅಪ್ಪ ಪೇಢೆ ತರಲು ಕಲ್ಯಾಣಕ್ಕೆ ಹೋದದ್ದು, ಮೊಳೆಗಳನ್ನು ನಾಲಿಗೆಗೆ ತಾಕಿಸಿ ಬೈಸಿಕೊಂಡದ್ದು, ಮುಡಬಿಯ ಒಂದು ಲಗ್ನಪತ್ರಿಕೆಯಲ್ಲಿ ವರನ ಜಾಗದಲ್ಲಿ ಅವನ ಅಪ್ಪನ ಹೆಸರು ಹಾಕಿ ನಾವಿಬ್ಬರೂ ಹೊಟ್ಟೆ ಹಿಡಿದು ನಕ್ಕು, ಐನೂರು ಪತ್ರಿಕೆ ಮತ್ತೆ ಅಚ್ಚು ಹಾಕಿದ್ದು. ಶಟರ್ ಎದ್ದಿತು. ಒಳಗೆ ಬೆಳಕು. ಮೊದಲು ನೀಲಿ ಪಟ್ಟಿಯ ಚಪ್ಪಲಿಯ ಕಾಲು ಕಂಡಿತು. ಆಮೇಲೆ ಹಸಿರು ಚೂಡಿದಾರದ ಅಂಚು, ಕೀಬೋರ್ಡಿನ ಮೇಲಿಟ್ಟ ಬೆರಳು, ಜಡೆ. ನಾನು ಬೇಗ ಬೇಗ ಮಾತಾಡಿದೆ. ಬೇಗ ಮಾತಾಡಿದರೆ ಬೇಗ ಏಳುವುದಿಲ್ಲ ಎಂದು ಗೊತ್ತಿದ್ದರೂ.

ಅವಳ ಗದ್ದ ಕಾಣಿಸಿತು. ಆ ಹೊತ್ತಿಗೆ ನನ್ನ ಹತ್ತಿರ ಹೇಳಬಹುದಾದದ್ದೆಲ್ಲ ಮುಗಿದಿತ್ತು. ಅವಳಿಗೆ ಹಾರ್ಟಿನ... ಎಂದು ಅಷ್ಟಕ್ಕೇ ನಿಂತೆ. ಒಂದು ಉಸಿರು, ಎರಡು ಉಸಿರು. ಶಟರ್ ಬಿತ್ತು.

ಯಾನ್ ಎದ್ದು ಹೊರಗೆ ಹೋದ. ನಿಯಮದ ಪ್ರಕಾರ.

ಗೇಲ್, ಮೂರನೇ ದಿನ

ನಾಳೆ ಇನ್ನೂ ಸ್ವಲ್ಪ ಎಂದು ರಾತ್ರಿಯೂಟದ ಹೊತ್ತಿಗೆ ಯಾನ್ ತನಗೆ ಬರುವ ನಾಲ್ಕು ಇಂಗ್ಲಿಷ್ ಶಬ್ದಗಳಲ್ಲಿ ಹೇಳಿದ್ದ. ಅಷ್ಟು ಹೇಳಿ ಶೇಂಗಾ ಹಿಂಡಿಯ ಡಬ್ಬಿಯ ತಳವನ್ನು ಚಮಚದಿಂದ ಕೆರೆದಿದ್ದ. ಬೆಳಿಗ್ಗೆ ನಾವಿಬ್ಬರೂ ನಡೆದುಕೊಂಡೇ ಹೋದೆವು. ಗದ್ದೆಗಳ ಮೇಲೆ ಮಂಜು ಕೂತಿತ್ತು. ಜನ ಸೈಕಲ್ಲಿನಲ್ಲಿ ದಾಟುವಾಗ ಅವನ ಹೆಸರು ಹಿಡಿದು ಕೂಗುತ್ತಿದ್ದರು. ಅವನು ಒಬ್ಬೊಬ್ಬರಿಗೂ ಟೊಪ್ಪಿಗೆ ಎತ್ತುತ್ತಿದ್ದ. ನಂದಾಳ ಹೆಸರು ಹಿಡಿದು ನಮ್ಮ ಓಣಿಯಲ್ಲಿ ಯಾರಾದರೂ ಕೂಗಿ ಎಷ್ಟು ದಿನವಾಗಿತ್ತು ಎಂದು ನೆನಪು ಮಾಡಿಕೊಂಡೆ. ನೆನಪಾಗಲಿಲ್ಲ.

ಜನ ಬರುವ ಮೊದಲೇ ಸ್ಟೂಲಿನ ಮೇಲೆ ಕೂತೆ. ಈ ಸಲ ಹುಟ್ಟಿನಿಂದ ಶುರು ಮಾಡಲಿಲ್ಲ. ಗುಳಿಗೆಯಿಂದ ಶುರು ಮಾಡಿದೆ.

ಗುಲಬರ್ಗಾದ ಡಾಕ್ಟರು ಕೊಟ್ಟ ಗುಳಿಗೆಗಳಿಂದ ಅವಳು ಸುಧಾರಿಸಿದ್ದಳು. ತಲೆ ಬಾಚಿಕೊಳ್ಳುತ್ತಿದ್ದಳು, ಅಂಗಡಿಗೆ ತಾನೇ ಬರುತ್ತಿದ್ದಳು. ಆದರೆ ಕಣ್ಣಲ್ಲಿ ಸದಾ ನಿದ್ದೆ ಇರುತ್ತಿತ್ತು, ಮಾತು ನಿಧಾನವಾಗಿತ್ತು. ಮಂಠಾಳದಿಂದ ಅವಳನ್ನು ನೋಡಲು ಗಂಡಿನ ಕಡೆಯವರು ಬರುವುದಿತ್ತು. ಹುಡುಗಿ ಮಬ್ಬು ಎಂದುಕೊಂಡಾರು ಎಂದು ನಮಗೆ ಭಯ. ನಾನು ಅವಳಿಗೆ ಹೇಳಿದ ಮಾತನ್ನು ಆ ಕೊಟ್ಟಿಗೆಯಲ್ಲಿ ಹಾಗೆಯೇ ಹೇಳಿದೆ.

"ಎಂಟು ದಿನ ಗುಳಿಗಿ ಬಿಡು ನಂದಾ. ಅವರು ನೋಡಿ ಹೋಗ್ಲಿ, ಆಮ್ಯಾಲ ತಗೋ."

ಅವರು ಬಂದರು, ಉಪ್ಪಿಟ್ಟು ತಿಂದರು, ಹೋದರು. ತಿಳಿಸುತ್ತೇವೆ ಎಂದವರು ತಿಳಿಸಲಿಲ್ಲ. ಗುಳಿಗೆ ಮತ್ತೆ ಶುರು ಮಾಡಲಿಲ್ಲ. ಅವಳು ಚುರುಕಾಗಿದ್ದಳು, ಚೆನ್ನಾಗಿಯೇ ಇದ್ದಾಳಲ್ಲ ಎಂದುಕೊಂಡೆವು. ಇನ್ನೊಂದು ಕಡೆಯವರು ಬರುವ ಮಾತೂ ಇತ್ತು. ದಿನಾ ಕೇಳುತ್ತಿದ್ದೆ, ದಿನಾ ಆರಾಮ್ ಅಣ್ಣಾ ಎನ್ನುತ್ತಿದ್ದಳು. ಎರಡು ತಿಂಗಳಾಗುವುದರೊಳಗೆ ತಾನಾಗಿಯೇ ಹೋದಳು. ಹಾರ್ಟಿನ ಬೇನೆಯಲ್ಲ. ಅವಳ ಹಾರ್ಟು ಗಟ್ಟಿಯಿತ್ತು. ಇದೆಲ್ಲವನ್ನೂ ಹೇಳಿದೆ. ಯಾನನಿಗೆ ಒಂದು ಶಬ್ದವೂ ತಿಳಿಯುತ್ತಿರಲಿಲ್ಲ. ಆದರೂ ಅವನು ನನ್ನ ಕಡೆ ಸ್ವಲ್ಪ ಬಾಗಿ ಕೂತಿದ್ದ, ಹೊಲದಲ್ಲಿ ದೂರದವರು ಕೂಗಿದ್ದನ್ನು ಆಲಿಸುವವರ ಹಾಗೆ.

ಶಟರ್ ಯಾವಾಗ ಪೂರ್ತಿ ಎದ್ದಿತೋ ನೋಡಲಿಲ್ಲ. ನೋಡಿದಾಗ ಅವಳು ಕಂಪ್ಯೂಟರಿನ ಮುಂದೆ ಕೂತಿದ್ದಳು. ಹಣೆಯ ಮೇಲೆ ವಿಭೂತಿ. ಗಿರಾಕಿ ಬಂದ ಸಪ್ಪಳಕ್ಕೆ ತಲೆ ಎತ್ತುವ ಹಾಗೆ ತಲೆ ಎತ್ತಿದಳು. ಅವಳದೇ ಧ್ವನಿ.

"ಬರ್ರಿ, ಕೂಡ್ರಿ."

ಅಷ್ಟೇ. ಮತ್ತೆ ಕತ್ತಲು. ಯಾನ್ ಎದ್ದು ಹೋದ. ನಾನು ಅಲ್ಲೇ ಕೂತೆ.

ಆಮೇಲೆ ಗ್ರೀಟ್ ಬಂದು ಪಕ್ಕದ ಸ್ಟೂಲಿನ ಮೇಲೆ ಕೂತಳು. ಬಹಳ ದಿನದಿಂದ ಕೇಳಬೇಕೆಂದಿದ್ದೆ, ಕೊನೆಯಲ್ಲಿ ಅವಳು ಏನನ್ನುತ್ತಾಳೆ ಎಂದಳು. ನಂದಾ ಅದರ ಅರ್ಥ ಬರೆದಿರಲಿಲ್ಲವಂತೆ. ಅಷ್ಟು ದೂರ ಮಾತಾಡಿ ಅವಳ ಮುಖ ಕಂಡವರು ಕೆಲವೇ ಜನ. ಅವರಲ್ಲಿ ಒಬ್ಬರು ಹೊರಟುಹೋಗಿ ಎಂದಿರಬೇಕು ಎಂದರಂತೆ. ಇನ್ನೊಬ್ಬರು ಕಾಪಾಡಿ ಎಂದಿರಬೇಕು ಎಂದು ಅತ್ತರಂತೆ. ಬನ್ನಿ, ಕೂತುಕೊಳ್ಳಿ ಎಂದು ಅರ್ಥ, ನಮ್ಮ ಅಂಗಡಿಗೆ ಯಾರು ಬಂದರೂ ಅವಳು ಹಾಗೆಯೇ ಅನ್ನುತ್ತಿದ್ದಳು ಎಂದೆ. ಗ್ರೀಟ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

ಸಾವಿನ ಮನೆಯ ರೂಢಿಯನ್ನೂ ಹೇಳಿದೆ. ಹಾರ್ಟಿನದು ಸುಳ್ಳೆಂದು ಹೇಳಿದೆ. ಗುಳಿಗೆಯದನ್ನು ಇಂಗ್ಲಿಷಿನಲ್ಲಿ ಹೇಳುವುದು ಕಷ್ಟವಾಯಿತು, ಆದರೂ ಹೇಳಿದೆ. ಸುಳ್ಳಿರಬೇಕೆಂದು ನನಗೆ ಅನಿಸಿತ್ತು, ಕಾಯುತ್ತಿದ್ದೆ ಎಂದಳು ಗ್ರೀಟ್. ಆ ನಿಯಮದ ಅರ್ಥ ತನಗೆ ಆಗಲೇ ತಿಳಿಯಬೇಕಿತ್ತು, ಯಾಕೆ ಎಂದು ನಂದಾಳನ್ನು ಒಂದು ಮಾತು ಕೇಳಬೇಕಿತ್ತು ಎಂದಳು. ನಾನು ಸಮಾಧಾನ ಹೇಳಲಿಲ್ಲ. ನನಗೂ ಅವಳು ಹೇಳಲಿಲ್ಲ. ಇಬ್ಬರು ತಪ್ಪಿತಸ್ಥರು ಎರಡು ಸ್ಟೂಲುಗಳ ಮೇಲೆ ಕೂತೆವು. ಹೊರಗೆ ಜನ ಸೇರತೊಡಗಿದ್ದರು.

ಹೊರಡುವ ಮೊದಲು ಆ ಎರಡು ಮಾತನ್ನು ಕೊಟ್ಟಿಗೆಯ ಬಾಗಿಲ ಮೇಲೆ ಕನ್ನಡದಲ್ಲಿ ಬರೆದುಕೊಡಲು ಗ್ರೀಟ್ ಕೇಳಿದಳು. ಸೀಮೆಸುಣ್ಣದ ಕಡ್ಡಿ ಕೊಟ್ಟಳು. ವರ್ಷಗಟ್ಟಲೆ ಮೊಳೆಯಲ್ಲಿ, ಕಂಪ್ಯೂಟರಿನಲ್ಲಿ ಅಕ್ಷರ ಮಾಡಿದವನು, ಕೈಯಿಂದ ಬರೆಯುವಾಗ ಎರಡು ಸಲ ಒರೆಸಿದೆ. ಮಾರಿಯಾಳ ಮನೆಯ ಬಾಗಿಲಲ್ಲಿ ಮಾತ್ರ ನಾನು ದೊಡ್ಡ ದನಿಯಲ್ಲಿ, ಕನ್ನಡದಲ್ಲೇ, ಹೋಗಿ ಬರುತ್ತೇನೆ ಎಂದೆ. ಅವಳು ಕೆನ್ನೆಗೆ ಮೂರು ಮುತ್ತು ಕೊಟ್ಟಳು. ನಾನು ಎಲ್ಲಿ ನೋಡಬೇಕೆಂದು ತಿಳಿಯದೆ ಯಾನನನ್ನು ನೋಡಿದೆ. ಅವನು ಟೊಪ್ಪಿಗೆ ಎತ್ತಿದ.

ಹುಮನಾಬಾದಿನಿಂದ ಕಲ್ಯಾಣಕ್ಕೆ

ಅವ್ವ ಪ್ರವಾಸದ ಬಗ್ಗೆ ಏನನ್ನೂ ಕೇಳಲಿಲ್ಲ. ಚೀಲ ಇಳಿಸಿ ಕೈಕಾಲು ತೊಳೆದು ಬಂದ ಕೂಡಲೆ ಒಂದೇ ಮಾತು.

"ಏನಂತ ಹೇಳ್ದಿ?"

"ಇದ್ದದ್ದು ಹೇಳ್ದೆ ಅವ್ವಾ."

"ಗುಳಿಗಿಂದು?"

"ಅದೂ ಹೇಳ್ದೆ."

ಅವ್ವ ಎದ್ದು ಒಳಗೆ ಹೋದಳು. ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಳು. ಹೇಳಬೇಕಾದದ್ದನ್ನು ನನ್ನ ಮಗಳ ಕೈಯಲ್ಲಿ ಹೇಳಿಸುತ್ತಿದ್ದಳು. ನಾನು ಎದುರಿಗೇ ಕೂತಿರುವಾಗ, ನಿಮ್ಮಪ್ಪಗ ಉಣ್ಣಾಕ ಹೇಳು ಅನ್ನುತ್ತಿದ್ದಳು. ಮಗಳು ನನ್ನ ಕಡೆ ತಿರುಗಿ, ಅಪ್ಪಾ ಉಣ್ಣಬೇಕಂತ ಅನ್ನುತ್ತಿದ್ದಳು. ನಾನು ಉಣ್ಣುತ್ತಿದ್ದೆ. ಮಗಳಿಗೆ ಅವಳ ಸೋದರತ್ತೆ ನಂದಾಳ ಸಂಗತಿಯನ್ನು ನಾನೇ ಕೂಡಿಸಿಕೊಂಡು ಹೇಳಿದೆ. ನನಗ ಮೊದಲೇ ಗೊತ್ತದ ಅಪ್ಪಾ ಎಂದಳು. ಯಾರು ಹೇಳಿದರು ಎಂದು ಕೇಳಿದೆ. ತನ್ನ ಬೇನೆ, ಬಿಟ್ಟ ಗುಳಿಗೆ, ಎಲ್ಲವನ್ನೂ ಅತ್ತೆಯೇ ಹೇಳಿದ್ದಳಂತೆ.

ಐದನೇ ದಿನ ಅವ್ವ ಹೊಲಕ್ಕೆ, ನಂದಾಳ ಗದ್ದುಗೆಗೆ ಹೋಗುವುದೆಂದು ಮಗಳಿಂದಲೇ ಹೇಳಿ ಕಳಿಸಿದಳು. ಇಬ್ಬರೂ ಕಲ್ಯಾಣದ ಬಸ್ಸು ಹತ್ತಿದೆವು. ಅವ್ವ ಹೆಂಗಸರ ಸೀಟಿನಲ್ಲಿ ಕೂತಳು, ನಾನು ಅವಳ ಹಿಂದಿನ ಸೀಟಿನಲ್ಲಿ. ಅವ್ವನ ಪಕ್ಕದಲ್ಲಿ ರಾಜೇಶ್ವರದ ಒಬ್ಬ ಹೆಂಗಸು ಇದ್ದಳು. ದೂರದ ಸಂಬಂಧ, ಲಗ್ನ ಮುಂಜಿಗಳಲ್ಲಿ ಕಂಡ ಮುಖ. ಮಡಿಲಲ್ಲಿ ಸಂತೆಯ ಚೀಲ. ಬಸ್ಸು ಊರು ದಾಟುತ್ತಲೇ ಆಕೆ ನಂದಾಳ ಮಾತು ತೆಗೆದಳು. ಸಣ್ಣ ವಯಸ್ಸಿನವರಿಗೆ ಹಾರ್ಟಿನ ಬೇನೆ ಬರುವುದೆಂದರೆ ಏನು, ದೇವರಿಗೆ ಕಣ್ಣಿಲ್ಲ ಎಂದಳು. ಮಣ್ಣಿಗೆ ಬರಲು ಆಗಲಿಲ್ಲ, ಮನೆಯಲ್ಲಿ ಸೊಸೆಯ ತಬಿಯತ್ತು ಸರಿಯಿರಲಿಲ್ಲ ಎಂದಳು. ಅವ್ವ ಕಿಟಕಿಯ ಹೊರಗೆ ನೋಡುತ್ತಿದ್ದಳು. ಆಕೆ ಮಾತಾಡುತ್ತಲೇ ಇದ್ದಳು. ಅವ್ವನ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು.

"ಹಾರ್ಟಿಂದಲ್ಲ ತಂಗಿ," ಎಂದಳು ಅವ್ವ.

ಆಕೆ ಅವ್ವನ ಕಡೆ ತಿರುಗಿದಳು.

"ಮನಸ್ಸಿಂದು ಬ್ಯಾನಿ ಇತ್ತು ಆಕಿಗಿ. ಗುಳಿಗಿ ತಗೋಳಾಕತ್ತಿದ್ಳು, ಛಲೋ ಆಗಾಕತ್ತಿತ್ತು. ನೋಡೋರು ಬರ್ತಾರಂತ ನಾವೇ ಬಿಡಿಸಿದ್ವಿ. ತಾನಾಗೇ ಹೋದ್ಳು ನನ್ನ ಮಗಳು."

ನಾವೇ ಎಂದಳು. ಅಷ್ಟು ದಿನ ಅದು ನನ್ನೊಬ್ಬನದೇ ಎಂದು ತಿಳಿದಿದ್ದೆ. ಅವ್ವ ಮತ್ತೂ ಹೇಳುತ್ತ ಹೋದಳು. ದನಿ ಎತ್ತರಿಸಲಿಲ್ಲ, ಅಳಲೂ ಇಲ್ಲ. ಬಸ್ಸಿನ ಸದ್ದಿನಲ್ಲಿ ನನಗೆ ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ. ಕೆಲವು ಸಂಗತಿಗಳು ನನಗೂ ಗೊತ್ತಿರಲಿಲ್ಲ. ರಾತ್ರಿ ನಂದಾ ಅವ್ವನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಮಲಗುತ್ತಿದ್ದಳಂತೆ, ಇಷ್ಟು ದೊಡ್ಡವಳಾಗಿಯೂ.

ರಾಜೇಶ್ವರ ಬಂತು. ಕಂಡಕ್ಟರ್ ಊರಿನ ಹೆಸರು ಕೂಗಿದ. ಆ ಹೆಂಗಸು ಚೀಲದ ಹಿಡಿಕೆ ಹಿಡಿದಳು, ಏಳಲಿಲ್ಲ. ಆತ ಅವಳ ಕಡೆ ನೋಡಿ ಇನ್ನೊಂದು ಸಲ ಕೂಗಿದ. ಆಕೆ ಮುಂದೆ ಇಳಿಯುತ್ತೇನೆಂದು ಕೈಸನ್ನೆ ಮಾಡಿದಳು. ಬಸ್ಸು ಹೊರಟ ಮೇಲೆ ಅವ್ವನ ಕಡೆ ಬಾಗಿ, ಸುತ್ತಲಿನವರಿಗೆ ಕೇಳಿಸದ ಹಾಗೆ, ತನ್ನ ಸೊಸೆ ದೀಪಾವಳಿಯಿಂದ ಯಾರ ಜೊತೆಗೂ ಮಾತಾಡಿಲ್ಲ ಎಂದು ಹೇಳತೊಡಗಿದಳು. ಅವ್ವ ಮುಗಿಯುವವರೆಗೂ ಕೇಳಿದಳು.

ಆಮೇಲೆ ಹಿಂದಕ್ಕೆ ತಿರುಗಿದಳು. ಐದು ದಿನಗಳ ಮೇಲೆ ಅವ್ವ ನನ್ನೊಂದಿಗೆ ಆಡಿದ ಮೊದಲ ಮಾತು ಅದು.

"ರೇವಣ್ಣ, ಗುಲಬರ್ಗಾದಾಗ ಆ ದವಾಖಾನಿ ಎಲ್ಲಿ ಬರ್ತದ, ಈಕಿಗಿ ಸರಿಯಾಗಿ ಹೇಳು."